ಗೋಡೆಗೆ ಒಂದು ಮೊಳೆ

ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತಿರುವ ಮಾತು ಇದು: ಗೋಡೆಗೆ ಮೊಳೆ ಹೊಡೆಯಬಾರದು. ನೀರು ನೋಡಿಕೊಂಡು ಬಳಸಿ, ನೆಂಟರು ಬಂದರೆ ಎರಡು ದಿನಕ್ಕಿಂತ ಹೆಚ್ಚು ಬೇಡ, ಬಟ್ಟೆ ಹಿಂದಿನ ತಂತಿಯ ಮೇಲೇ ಒಣಹಾಕಿ ಎನ್ನುವ ಪಟ್ಟಿಯ ಕೊನೆಗೆ ಇದೂ ಬರುತ್ತದೆ. ಬೇರೆಯವರಿಗೆ ಇದು ಕ್ಯಾಲೆಂಡರ್ ಎಲ್ಲಿ ನೇತುಹಾಕುವುದು ಎನ್ನುವಷ್ಟು ಸಣ್ಣ ತೊಂದರೆ. ನಮ್ಮ ಸಂಸಾರ ಮಾತ್ರ ಈ ಒಂದು ಮೊಳೆಯ ದೆಸೆಯಿಂದ ಮನೆ ಬಿಟ್ಟಿತು.

ನಾವು ಬೆಂಗಳೂರು ಬಿಟ್ಟು ಮೈಸೂರಿಗೆ ಬಂದದ್ದು ಬಾಡಿಗೆಗೆ ಹೆದರಿ. ಅದನ್ನು ಬೇರೆ ಚೆಂದದ ಮಾತಿನಲ್ಲಿ ಹೇಳುವ ಅಗತ್ಯ ನನಗಿಲ್ಲ. ಅಲ್ಲಿ ಸಾಲಾಗಿ ಕಟ್ಟಿದ ಎಂಟು ಶೀಟ್ ಮನೆಗಳಲ್ಲಿ ನಮ್ಮದು ಆರನೆಯದು. ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ಕೂರಲಾಗದೆ ನಾನು ಹೊಲಿಗೆ ಮೆಷಿನ್ನನ್ನು ಬಾಗಿಲಾಚೆ ಎಳೆದುಕೊಂಡು ಬ್ಲೌಸ್ ಹೊಲಿಯುತ್ತಿದ್ದೆ. ನನ್ನ ಗಂಡ ಫಿಟ್ಟರ್. ಇಬ್ಬರೂ ದುಡಿದರೂ ಪ್ರತಿ ವರ್ಷ ಬಾಡಿಗೆ ನಮಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. ಹೂಟಗಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಖಾಲಿ ಇದೆ ಎಂದು ಅವರ ಸ್ನೇಹಿತರೊಬ್ಬರು ಹೇಳಿದಾಗ ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಅದೇ ಬಾಡಿಗೆಗೆ ಮೈಸೂರಿನಲ್ಲಿ ಎರಡು ರೂಮು, ಬೇರೆ ಅಡುಗೆಮನೆ, ಮೇಲೆ ಗಟ್ಟಿ ಆರ್‌ಸಿಸಿ ಛಾವಣಿ. ಅಷ್ಟೇ ಅಲ್ಲ, ತಿ. ನರಸೀಪುರದ ಹತ್ತಿರದ ನಮ್ಮ ಊರಲ್ಲಿ ಅಣ್ಣನ ಸಂಸಾರದ ಜೊತೆ ಇರುವ ನನ್ನ ಅವ್ವ, ಒಂದೇ ಬಸ್ಸು ಹತ್ತಿ ನನ್ನ ಮನೆಗೆ ಬರಬಹುದಿತ್ತು. ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಅದೇ.

ಮನೆ ಹುಡುಕಲು ಹೊರಟ ಮೊದಲ ದಿನವೇ ಮೈಸೂರಿನ ಮರ್ಯಾದೆಯ ಪರಿಚಯ ಆಯಿತು. ಇಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ ಜಾತಿ ಕೇಳುವುದಿಲ್ಲ. ಕೂರಿಸುತ್ತಾರೆ, ನೀರು ಕೊಡುತ್ತಾರೆ, ಯಾವ ಊರು ಅನ್ನುತ್ತಾರೆ, ಆಮೇಲೆ ನಗುನಗುತ್ತಾ, "ನಿಮ್ಮ ಮನೆದೇವ್ರು ಯಾವ್ದು?" ಎಂದು ಕೇಳುತ್ತಾರೆ. ದೇವರ ಹೆಸರು ಬಿದ್ದ ಕೂಡಲೇ ಮಿಕ್ಕದ್ದನ್ನು ತಾವೇ ತಿಳಿದುಕೊಳ್ಳುತ್ತಾರೆ.

ನನ್ನ ಗಂಡ ಸಾಧು ಮನುಷ್ಯ. ಕೇಳಿದವರಿಗೆಲ್ಲ, "ನಾವು ಬೌದ್ಧರು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದೇನು ಸೋಜಿಗವೋ, ನಾವು ಹೋದ ನಾಲ್ಕು ಮನೆಗಳಿಗೂ ಆ ದಿನವೇ ಬೆಳಿಗ್ಗೆ ಬೇರೆ ಯಾರೋ ಬಂದು ಅಡ್ವಾನ್ಸ್ ಕೊಟ್ಟು ಹೋಗಿದ್ದರು. ನನ್ನದು ಮೂಗಿನ ತುದಿಯಲ್ಲಿ ಕೋಪ. ನಾಲ್ಕನೇ ಮನೆಯ ಗೇಟಿನಲ್ಲಿ ನಿಂತು, "ಹಂಗಾದ್ರೆ ಆ ಟು-ಲೆಟ್ ಬೋರ್ಡ್ ಇಳಿಸಿಬುಡಿ ಸಾರ್, ಬಿಸಿಲಲ್ಲಿ ಸುಮ್ನೆ ಬಣ್ಣ ಹೋಗುತ್ತೆ" ಎಂದೆ. ನಮ್ಮ ಜೊತೆಗಿದ್ದ ಬ್ರೋಕರ್ ತಲೆ ಚಚ್ಚಿಕೊಂಡರು.

ದಾರಿಯಲ್ಲಿ ಟೀ ಕುಡಿಸಿ ಅವರು ಉಪಾಯ ಹೇಳಿಕೊಟ್ಟರು. "ನೋಡಿ ಮೇಡಮ್, ಮಾದಪ್ಪ ಅಂದ್ಬುಡಿ. ಬೆಟ್ಟದ ಮಾದಪ್ಪ ಎಲ್ರಿಗೂ ಮನೆದೇವ್ರು. ಅವ್ರು ನಮ್ಮೋರೇ ಅಂದ್ಕೋತಾರೆ, ಇವ್ರೂ ನಮ್ಮೋರೇ ಅಂದ್ಕೋತಾರೆ. ನೀವೇನೂ ಸುಳ್ಳು ಹೇಳ್ದಂಗೂ ಆಗಲ್ಲ."

ಅದು ಪೂರ್ತಿ ಸುಳ್ಳೂ ಅಲ್ಲ ಎನ್ನುವುದೇ ನನ್ನನ್ನು ಕೆಡಿಸಿತು. ನನ್ನ ತಾತ ಕಾಲ್ನಡಿಗೆಯಲ್ಲಿ ಆ ಬೆಟ್ಟಕ್ಕೆ ಹೋಗುತ್ತಿದ್ದವರು. ಅವ್ವ ಬೌದ್ಧ ಧರ್ಮಕ್ಕೆ ಬಂದದ್ದು ನಾನು ಎರಡನೇ ಕ್ಲಾಸಿನಲ್ಲಿದ್ದಾಗ. ಆ ದಿನ ಅವಳು ತಂದ, ಗಾಜು ಹಾಕಿದ ಬುದ್ಧನ ಪಟವನ್ನು ನಮ್ಮ ಮಣ್ಣಿನ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದ್ದಳು. ನನ್ನ ಮದುವೆಯಲ್ಲಿ ಅದನ್ನೇ ಇಳಿಸಿ ನನ್ನ ಕೈಗೆ ಕೊಟ್ಟಳು. ಬೆಂಗಳೂರಿನ ಶೀಟ್ ಮನೆಯಲ್ಲಿ ಅದು ಬಾಗಿಲಿಗೆ ಎದುರಾಗಿಯೇ ಇತ್ತು, ಯಾರೂ ಏನೂ ಕೇಳಿರಲಿಲ್ಲ.

ಐದನೆಯ ಮನೆ ಹೂಟಗಳ್ಳಿಯ ಆಚೆಯ ಹೊಸ ಬಡಾವಣೆಯಲ್ಲಿ. ಕೆಳಗೆ ಮನೆಯೊಡತಿ, ಮೇಲಿನ ಮಹಡಿ ಬಾಡಿಗೆಗೆ. ಅರವತ್ತು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಗಂಡ ಬದುಕಿದ್ದಾಗ ಬೆಲ್ಲದ ಮಂಡಿ ನಡೆಸಿದ ಮನೆತನ. ಕೇಳುವುದನ್ನು ಕೇಳಿದರು. ನನ್ನ ಗಂಡ ಬಾಯಿ ತೆರೆಯುವ ಮೊದಲೇ ನಾನು, "ಮಾದಪ್ಪ, ಆಂಟಿ" ಎಂದೆ.

ಅವರ ಮುಖ ಅರಳಿತು. "ಅಯ್ಯೋ, ನಮ್ಮೋರೇ ಅನ್ನಿ! ಮಾಂಸ ಗೀಂಸ ಏನೂ ಇಲ್ಲ ತಾನೆ?"

"ಇಲ್ಲ ಆಂಟಿ."

"ಆಯ್ತು ಕಣಮ್ಮ, ಬನ್ನಿ. ಹೋದ ತಿಂಗ್ಳಷ್ಟೇ ಬಣ್ಣ ಹೊಡೆಸಿದ್ದೀನಿ, ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ."

ಹೀಗೆ ಎರಡು ಮಾತಿನಲ್ಲಿ ನಮಗೆ ಮನೆ ಸಿಕ್ಕಿತು. ಗೂಡ್ಸ್ ಟೆಂಪೋದಲ್ಲಿ ಸಾಮಾನು ಬಂತು, ಹಾಲು ಉಕ್ಕಿಸಿದೆವು, ಆಂಟಿ ಒಂದು ಬಟ್ಟಲು ಬೆಲ್ಲ ತಂದುಕೊಟ್ಟರು. ಬುದ್ಧನ ಪಟ ಹಳೇ ಸೀರೆಯಲ್ಲಿ ಸುತ್ತಿಕೊಂಡು ಬೀರುವಿನ ತಳ ಸೇರಿತು. ಮೊಳೆ ಹೊಡೆಯಬಾರದಲ್ಲ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ.

ಆಂಟಿ ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನನಗೆ ಟೈಫಾಯಿಡ್ ಬಂದಾಗ ಹದಿನೈದು ದಿನ ಮೂರು ಹೊತ್ತೂ ಮೆಟ್ಟಿಲು ಹತ್ತಿ ಗಂಜಿ ತಂದವರು ಅವರು, ತಮ್ಮ ಮಂಡಿನೋವಿನಲ್ಲಿ. ಬಡಾವಣೆಯ ಹೆಂಗಸರಿಗೆಲ್ಲ, "ನಮ್ಮನೆ ಮೇಲ್ಗಡೆ ಇದ್ದಾಳೆ, ಬ್ಲೌಸ್ ಅವ್ಳ ಹತ್ರಾನೇ ಹೊಲಿಸಿ" ಎಂದು ಹೇಳಿ ನನಗೆ ಗಿರಾಕಿ ಕಟ್ಟಿಕೊಟ್ಟವರೂ ಅವರೇ. ಐದನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ಬಂದವಳು ಬ್ಯಾಗನ್ನು ಕೆಳಗೇ ಎಸೆದು ಅವರ ಹತ್ತಿರ ಮಗ್ಗಿ ಒಪ್ಪಿಸುತ್ತಿದ್ದಳು. ಸೋಮವಾರ ಅವಳ ಹಣೆಗೂ ವಿಭೂತಿ. ಅವಳ ಬಾಯಲ್ಲಿ ಅವರು 'ಕೆಳಗಿನಜ್ಜಿ'.

ಆದರೆ ಒಂದು ಸುಳ್ಳನ್ನು ಸಾಕುವುದು ಎಷ್ಟು ಕೆಲಸ! ಭಾನುವಾರ ಮಾಂಸ ತಿನ್ನಬೇಕೆನಿಸಿದರೆ ಮೂವರೂ ಬೈಕ್ ಹತ್ತಿ ದೂರದ ಮಿಲ್ಟ್ರಿ ಹೋಟೆಲಿಗೆ ಹೋಗಿ, ಬರುವಾಗ ಬಾಯಿಗೆ ಸೋಂಪು ಹಾಕಿಕೊಂಡು ಮೆಟ್ಟಿಲು ಹತ್ತಬೇಕು. ಅವ್ವ ಅಣ್ಣನ ಕೈಯಲ್ಲಿ ಒಣಮೀನು ಕಳಿಸಿದರೆ ಅದನ್ನು ಮೂರು ಕವರಿನಲ್ಲಿ ಕಟ್ಟಿ ಗಂಡನ ಕಾರ್ಖಾನೆಯ ಲಾಕರಿನಲ್ಲಿ ಇಡಬೇಕು. ಅಲ್ಲಿ ಅದು ಇಡೀ ಶಿಫ್ಟಿಗೆ ಗೊತ್ತಾಗಿ ಅವರು ನಗೆಪಾಟಲಾದರು. ಹುಣ್ಣಿಮೆ ಬಂದರೆ ಪಟವನ್ನು ಬೀರುವಿನಿಂದ ತೆಗೆದು ಮಂಚದ ಮೇಲೆ ನಿಲ್ಲಿಸಿ, ಮೇಣದಬತ್ತಿ ಹಚ್ಚಿ, ಪಿಸುದನಿಯಲ್ಲಿ ವಂದನೆ ಹೇಳಿ, ಮತ್ತೆ ಸುತ್ತಿಡುವುದು. ಅಷ್ಟು ಹೊತ್ತೂ ಬಾಗಿಲ ಬಳಿ ನಿಂತು ಮೆಟ್ಟಿಲ ಸದ್ದು ಕೇಳಿಸಿಕೊಳ್ಳುವ ಕೆಲಸ ಮಗಳದು. ಅವಳು ಅದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದಳು. ನನ್ನ ಮಗಳು ಚುರುಕು ಎಂದು ಆಗ ಹೆಮ್ಮೆಯೂ ಪಟ್ಟಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಒಂದು ವರ್ಷ ಅವ್ವ ಬರುತ್ತೇನೆ ಅಂದಾಗಲೆಲ್ಲ ನಾನೇ ಏನಾದರೂ ನೆಪ ಹೇಳಿ ತಳ್ಳಿದ್ದೆ. ಅವ್ವನ ಬಾಯಿ ನನಗೆ ಗೊತ್ತು. ಯಾರೇ ಕೇಳಲಿ, ನಾವು ಬುದ್ಧನ ಕಡೆಯವರು ಎಂದು ಮೊದಲು ಹೇಳಿ ಆಮೇಲೆ ಹೆಸರು ಹೇಳುತ್ತಾಳೆ. ಕೊನೆಗೆ ಬೇಸಿಗೆ ರಜೆಯಲ್ಲಿ ಬುದ್ಧ ಪೂರ್ಣಿಮೆ ಬಂತು. ಅವಳು ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಬಂದುಬಿಟ್ಟಳು. ಕೈಯಲ್ಲಿ ಹೂವು, ಒಂದು ಪ್ಯಾಕೆಟ್ ಮೇಣದಬತ್ತಿ. ಒಳಗೆ ಬಂದವಳೇ ನಾಲ್ಕೂ ಗೋಡೆ ನೋಡಿದಳು.

"ಪಟ ಎಲ್ಲವ್ವ?"

"ಒಳಗಿದೆ ಅವ್ವ. ಇಲ್ಲಿ ಮೊಳೆ ಹೊಡೆಯಂಗಿಲ್ಲ."

ಅಷ್ಟರಲ್ಲಿ ಕೆಳಗಿನಿಂದ ಆಂಟಿ, "ನಿಮ್ಮಮ್ಮ ಬಂದಿದ್ದಾರಂತಲ್ಲೇ, ಕಾಫಿಗೆ ಕರ್ಕೊಂಡು ಬಾಮ್ಮ" ಎಂದು ಕೂಗಿದರು. ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. ನಾನು ಏನು ಹೇಳಲಿ, ಹೇಗೆ ಹೇಳಲಿ ಎಂದು ತಡಬಡಾಯಿಸುತ್ತಿರುವಾಗ ನನ್ನ ಮಗಳು ಹೋಗಿ ಬಾಗಿಲು ಹಾಕಿದಳು. ಬಂದು ಅಜ್ಜಿಯ ಕೈ ಹಿಡಿದುಕೊಂಡು, ಚಿಕ್ಕಮಕ್ಕಳಿಗೆ ಪಾಠ ಹೇಳಿಕೊಡುವ ಟೀಚರಿನ ಹಾಗೆ ನಿಧಾನವಾಗಿ ಹೇಳಿದಳು.

"ಅಜ್ಜಿ, ಕೆಳಗಡೆ ಬುದ್ಧ ಅಂತ ಹೇಳ್ಬೇಡ. ಮನೆದೇವ್ರು ಯಾವ್ದು ಅಂತ ಕೇಳಿದ್ರೆ ಮಾದಪ್ಪ ಅನ್ನು. ಮೀನಿನ ವಿಷ್ಯ ಎತ್ಲೇಬೇಡ. ಜಾಸ್ತಿ ಮಾತಾಡ್ಬೇಡ, ನಾನೇ ಮಾತಾಡ್ತೀನಿ."

ಅವ್ವ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹತ್ತು ವರ್ಷದ ಆ ಹುಡುಗಿಯ ಬಾಯಿಂದ ಬಂದದ್ದು ನನ್ನ ಮಾತು ಎಂದು ಅವಳಿಗೆ ಗೊತ್ತಾಯಿತು. ನನಗೂ ಆಗಲೇ ಗೊತ್ತಾದದ್ದು. ನಾನು ಮಗಳಿಗೆ ಇದನ್ನು ಯಾವತ್ತೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಅವಳು ನಮ್ಮನ್ನು ನೋಡಿ ಕಲಿತಿದ್ದಳು.

ಮಂಡಿ ನೋವು ಎಂದು ಅವ್ವ ಕೆಳಗೆ ಹೋಗಲಿಲ್ಲ. ಊಟ ಮಾಡಿ, ಮೂರು ಗಂಟೆಗೆ ಚೀಲ ಹಿಡಿದು ಎದ್ದಳು.

"ಸಂಜೆ ವಂದನೆ ಮಾಡ್ಕೊಂಡು ನಾಳೆ ಹೋಗವ್ವ" ಎಂದೆ.

"ಬೀರುನೊಳ್ಗೆ ಮಡಗಿರೋನ್ಗೆ ಏನ್ ವಂದ್ನೆ ಮಾಡ್ಲವ್ವ? ನನ್ ಮಗಳ ಮನೆಗ್ ಬತ್ತಾ ಇವ್ನಿ ಅನ್ಕಂಡು ಬಸ್ ಅತ್ದೆ. ಇದು ನಿನ್ ಮನೆ ಅಲ್ಲ ಬುಡು."

ಅವಳನ್ನು ಬಸ್ಸು ಹತ್ತಿಸಿದೆ. ಕಿಟಕಿಯಲ್ಲಿ ಅವಳು ಹೂವಿನ ಪೊಟ್ಟಣವನ್ನು ಹಾಗೇ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಸ್ಸು ಹೊರಟ ಮೇಲೆ ನಿಲ್ದಾಣದಲ್ಲೇ ನಿಂತು ನಾನು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಅಲ್ಲೇ ಎದುರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರಿಂಚಿನ ಮೊಳೆ ಕೊಂಡುಕೊಂಡೆ. ಒಂದೇ ಒಂದು ಮೊಳೆ ಮಾರುವುದಿಲ್ಲ ಎಂದರು. ಕಾಲು ಕೇಜಿ ಕೊಡಿ ಎಂದೆ.

ಮನೆಗೆ ಬಂದಾಗ ಗಂಡ ಡ್ಯೂಟಿ ಮುಗಿಸಿ ಬಂದಿದ್ದರು. ನಡೆದದ್ದನ್ನು ಹೇಳಿ, ಅವರ ಟೂಲ್ ಬ್ಯಾಗಿನಿಂದ ಸುತ್ತಿಗೆ ತೆಗೆದೆ.

"ಮನೆ ಬಿಡ್ಬೇಕಾಗುತ್ತೆ ಕಣೆ," ಎಂದರು. "ಮುಂದಿನ ತಿಂಗ್ಳು ಸ್ಕೂಲು ಶುರು. ಗಿರಾಕಿಗಳೂ ಹೋಗ್ತಾರೆ."

"ಹೋಗ್ಲಿ. ಇವಳು ಇನ್ನೂ ಎಷ್ಟು ಜನಕ್ಕೆ ಬಾಗ್ಲು ಹಾಕಿ ಪಾಠ ಹೇಳ್ಬೇಕು?"

ಅವರು ಸ್ಟೂಲು ಹಿಡಿದುಕೊಂಡರು. ಅವರೇ ಹೊಡೆಯುತ್ತೇನೆ ಅಂದರೂ ನಾನು ಸುತ್ತಿಗೆ ಕೊಡಲಿಲ್ಲ. ಸಂಜೆ ಆರು ಗಂಟೆಗೆ, ಕೆಳಗೆ ಆಂಟಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಬಾಗಿಲಿಗೆ ಎದುರಾದ ಗೋಡೆಗೆ ಮೊಳೆ ಇಟ್ಟು ಹೊಡೆದೆ. ನಾಲ್ಕನೇ ಏಟಿಗೆ ಕೆಳಗಿನ ಬಾಗಿಲು ತೆರೆದ ಸದ್ದಾಯಿತು. ಮಗಳು ಓಡಿಹೋಗಿ ನಮ್ಮ ಬಾಗಿಲು ಹಾಕಲು ನೋಡಿದಳು. "ತೆಗೆದೇ ಇರ್ಲಿ" ಎಂದೆ.

ಆಂಟಿ ಏದುಸಿರು ಬಿಡುತ್ತಾ ಮೇಲೆ ಬಂದರು. ಪಟ ನೋಡಿದರು. ನಾನು ಹೇಳಬೇಕಾದ್ದನ್ನು ಹೇಳಿದೆ: ನಾವು ಬೌದ್ಧರು, ಮಾದಪ್ಪ ನನ್ನ ತಾತನ ಕಾಲಕ್ಕೆ ನಿಜ, ನಮ್ಮ ಕಾಲಕ್ಕಲ್ಲ, ಮನೆ ಸಿಗಲಿ ಎಂದು ಹಾಗೆ ಹೇಳಿದೆ, ತಪ್ಪಾಯಿತು. ಮಾಂಸದ ವಿಷಯವೂ ಹೇಳಿದೆ.

"ಮೊದ್ಲೇ ಹೇಳಬಹುದಿತ್ತಲ್ಲಮ್ಮ," ಎಂದರು.

"ಹೇಳಿದ್ರೆ ಮನೆ ಕೊಡ್ತಿದ್ರಾ ಆಂಟಿ?"

ಅವರು ನನ್ನ ಮಗಳ ಕಡೆ ನೋಡಿದರು. "ಗೊತ್ತಿಲ್ಲ ಕಣಮ್ಮ," ಎಂದರು. ನಂತರ ಕಂಬಿ ಹಿಡಿದುಕೊಂಡು ಇಳಿದುಹೋದರು. ಆ ಉತ್ತರಕ್ಕಾಗಿ ಅವರನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಹತ್ತು ದಿನ ಬಿಟ್ಟು ಸುಣ್ಣಬಣ್ಣದ ಮಾತು ಬಂತು. "ಮನೆಗೆಲ್ಲ ಬಣ್ಣ ಮಾಡಿಸ್ಬೇಕು ಕಣಮ್ಮ, ತಿಂಗಳ ಕೊನೆಗೆ ಖಾಲಿ ಮಾಡ್ಕೊಡಿ." ಹೊಸ ಬಣ್ಣ ಹೊಡೆಸಿ ಒಂದು ವರ್ಷದ ಮೇಲೆ ಸ್ವಲ್ಪ ಆಗಿತ್ತು, ಅಷ್ಟೇ. ನಾನು ವಾದ ಮಾಡಲಿಲ್ಲ. ಅವರು ನನ್ನ ಮುಖ ನೋಡದೆ ಹೇಳಿದರು, ನಾನೂ ಅವರ ಮುಖ ನೋಡದೆ ಆಗಲಿ ಎಂದೆ.

ಈ ಸಲ ಮನೆ ಹುಡುಕಲು ನಾನೇ ಮುಂದಾದೆ, ಬ್ರೋಕರ್ ಬೇಡವೆಂದೆ. ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ, ಅವಳು ಕೇಳಿಸಿಕೊಳ್ಳಲಿ ಎಂದೇ. ಗೇಟಿನಲ್ಲೇ, ಅವರು ನೀರು ಕೊಡುವ ಮೊದಲೇ, ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ: "ನಾವು ಬೌದ್ಧರು, ಮಾಂಸ ತಿಂತೀವಿ, ಗೋಡೆಗೆ ಒಂದು ಮೊಳೆ ಹೊಡೀತೀವಿ. ಆಗುತ್ತೆ ಅಂದ್ರೆ ಒಳಗ್ ಬರ್ತೀವಿ." ಕೆಲವರು ಗಾಬರಿಯಾದರು. ಒಬ್ಬರು, "ನಮ್ಗೇನೂ ಇಲ್ಲಮ್ಮ, ಅಕ್ಕಪಕ್ಕದೋರು ಸರಿ ಇಲ್ಲ" ಎಂದು ಅಕ್ಕಪಕ್ಕದವರ ಮೇಲೆ ಹಾಕಿದರು. ಅವರ ಪಕ್ಕದ ಮನೆಗೆ ಹೋದರೆ ಅಲ್ಲಿಯೂ ಅದೇ ಮಾತು. ಮಗಳಿಗೆ ನಗು ಬಂತು, ನನಗೂ ಬಂತು. ಆದರೆ ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಗಂಡ ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸುತ್ತಾ, "ಇನ್ನೊಂದ್ ಸಲ ಮಾದಪ್ಪ ಅಂದ್ಬುಡೋಣ್ವಾ?" ಎಂದು ಕೇಳುವ ಮಟ್ಟಕ್ಕೆ ಬಂದಿದ್ದರು. ಬೀದಿಯಲ್ಲಿ ಮೆಷಿನ್ ಇಟ್ಟು ಹೊಲಿದರೂ ಸರಿ, ಅದು ಮಾತ್ರ ಇಲ್ಲ ಎಂದೆ.

ಮೆಷಿನ್ ಅಂದೆನಲ್ಲ, ಅದೇ ಸಮಯಕ್ಕೆ ಅದೂ ಕೈಕೊಟ್ಟಿತು. ಹೊಲಿಗೆ ಬಿಡತೊಡಗಿತು. ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವ ವಯಸ್ಸಾದವರೊಬ್ಬರು ಇದ್ದಾರೆಂದು ಕೇಳಿ ಆಟೋದಲ್ಲಿ ಹಾಕಿಕೊಂಡು ಹೋದೆ. ಅವರು ಬಿಚ್ಚಿ ಎಣ್ಣೆ ಬಿಡುತ್ತಿದ್ದಾಗ ಅಂಗಡಿಯ ಪಕ್ಕದಲ್ಲಿ ಕಡಿದಾದ ಮೆಟ್ಟಿಲು ಕಂಡಿತು, ಮೇಲೆ ಬೀಗ ಹಾಕಿದ ಬಾಗಿಲು.

"ಮೇಲ್ಗಡೆ ಯಾರಿದ್ದಾರೆ ತಾತ?"

"ಖಾಲಿ ಐತಮ್ಮ. ಎರಡು ರೂಮು. ಮೆಟ್ಲು ಚಿಕ್ಕದು, ಯಾರಿಗೂ ಬೇಡ."

ನಾನು ನನ್ನ ಪಾಠ ಒಪ್ಪಿಸಿದೆ, ಬೌದ್ಧರು, ಮಾಂಸ, ಮೊಳೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಅದನ್ನ ನಾನೇನು ಕೇಳ್ಲಿಲ್ವಲ್ಲ. ನೀರಿನ ಮೋಟ್ರು ಬೆಳಿಗ್ಗೆ ಒಂದೇ ಹೊತ್ತು ಹಾಕೋದು, ಅದು ಆಯ್ತದಾ? ಮೊಳೆ ಬೇಕಾದ್ರೆ ನೂರು ಹೊಡ್ಕೊ. ಹಳೇ ಗಾರೆ ಗೋಡೆ, ಒಳಕ್ಕೆ ಹೋದ್ರೆ ನಿನ್ ಪುಣ್ಯ."

ಮನೆ ಕತ್ತಲು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಆಚೆ ಬರಬೇಕು. ಹೂಟಗಳ್ಳಿಯ ಮನೆಗಿಂತ ಚಿಕ್ಕದು, ಬಾಡಿಗೆ ಹೆಚ್ಚು ಕಮ್ಮಿ ಅಷ್ಟೇ. ಗಂಡ ಕಾರ್ಖಾನೆಗೆ ಊರಿನ ಆ ತುದಿಗೆ ಹೋಗಬೇಕು. ಆದರೂ ನಾನು ಅಲ್ಲೇ ನಿಂತು ಅಡ್ವಾನ್ಸ್ ಮಾತಾಡಿದೆ.

ಹೊರಡುವ ದಿನ ಹೂಟಗಳ್ಳಿಯ ಗೋಡೆಯಿಂದ ಪಟ ಇಳಿಸಿದೆ, ಮೊಳೆಯನ್ನು ಹಾಗೇ ಬಿಟ್ಟೆ. ಆಂಟಿ ಗೇಟಿನವರೆಗೆ ಬಂದು ಮಗಳ ಕೈಗೆ ಉಪ್ಪಿನಕಾಯಿ ಬಾಟಲಿ ಕೊಟ್ಟರು. ಅವಳ ತಲೆ ಸವರಿದರು. ಅವರನ್ನು ಬಿಟ್ಟು ಬರುವುದು ನನಗೂ ಕಷ್ಟವಾಯಿತು, ಆದರೆ ಟೆಂಪೋ ಹತ್ತಿದ ಮೇಲೆ ನಾನು ತಿರುಗಿ ನೋಡಲಿಲ್ಲ.

ಲಷ್ಕರ್ ಮೊಹಲ್ಲಾದ ಗೋಡೆ ಆ ರಿಪೇರಿ ತಾತ ಹೇಳಿದ ಹಾಗೆಯೇ ಇತ್ತು. ಮೊದಲ ಮೂರು ಮೊಳೆ ಬಾಗಿದವು, ಗಾರೆ ಉದುರಿತು. ಕಾಲು ಕೇಜಿ ಕೊಂಡದ್ದು ಒಳ್ಳೆಯದೇ ಆಯಿತು. ನಾಲ್ಕನೆಯದನ್ನು ಗಂಡ ಹೊಡೆದರು, ಅದು ನಿಂತಿತು. ಮಗಳೇ ಪಟವನ್ನು ಸೀರೆಯಿಂದ ಬಿಚ್ಚಿ, ಗಾಜು ಒರೆಸಿ, ಸ್ಟೂಲು ಹತ್ತಿ ತೂಗುಹಾಕಿದಳು. ಬಾಗಿಲು ತೆರೆದೇ ಇತ್ತು. ಕೆಳಗೆ ಗಲ್ಲಿಯಲ್ಲಿ ಜನ ಓಡಾಡುತ್ತಿದ್ದರು.

ಆಮೇಲೆ ಅವಳು ನನ್ನ ಫೋನ್ ತೆಗೆದುಕೊಂಡು ಅಜ್ಜಿಗೆ ಮಾಡಿದಳು. ಮನೆ ಹೇಗಿದೆ, ಮೆಟ್ಟಿಲು ಎಷ್ಟಿವೆ, ಎಲ್ಲ ಒಂದೇ ಸಮನೆ ಹೇಳಿದಳು. ಕೊನೆಗೆ, "ಅಜ್ಜಿ, ಬಾ. ಇಲ್ಲಿ ಬುದ್ಧ ಅಂತ ಹೇಳ್ಬೋದು" ಎಂದಳು.

ಅವಳ ಮುಖದಲ್ಲಿ ಅಷ್ಟು ಖುಷಿ ಇತ್ತು. ನನಗೆ ಮಾತ್ರ ಆ 'ಇಲ್ಲಿ' ಎನ್ನುವ ಮಾತು ಎದೆಗೆ ನಾಟಿತು. ಒಂದು ವರ್ಷ ನಾನು ಕಲಿಸಿದ್ದು ಇನ್ನೂ ಅವಳೊಳಗೆ ಉಳಿದಿತ್ತು. ನಾನು ಕೆಲಸ ಬಿಟ್ಟು ಅವಳ ಮುಂದೆ ಕೂತೆ.

"ಇಲ್ಲಿ ಮಾತ್ರ ಅಲ್ಲ ಮಗ. ಎಲ್ಲಿ ಬೇಕಾದ್ರೂ ಹೇಳ್ಬೋದು ಅನ್ನು."

ಅವಳು ನನ್ನನ್ನೂ ಗೋಡೆಯನ್ನೂ ನೋಡಿದಳು. "ಮನೆ ಕೊಡ್ದಿದ್ರೆ?" ಎಂದು ಕೇಳಿದಳು.

"ಬೇರೆ ಮನೆ ಹುಡುಕೋಣ. ಹೇಳು."

ಅವಳು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು ಹೇಳಿದಳು.